ನಿಶಾಳ ಸರದಿ

"ಹೋದ ವಾರ ನಿಮ್ಮ ಟೀಮಿನ್ಯಾಗ ಇಲ್ಲದ ಇಬ್ಬರು ಹುಡುಗ್ಯಾರು ಇವತ್ತ ಎಲ್ಲಿಂದ ಬಂದ್ರು ಅಣ್ಣಾರ?" ಎಂದು ಕೇಳಿದಳು ದ್ರಾಕ್ಷಾಯಣಿ, ಸ್ಕೋರ್ ಪುಸ್ತಕದಿಂದ ಕಣ್ಣೆತ್ತದೆ.

ಪಕ್ಕದ ಮಡಚು ಕುರ್ಚಿಯಲ್ಲಿದ್ದ ಬಸವರಾಜ್ ನಕ್ಕರು. "ಮ್ಯಾಲಿನ ಗ್ರೇಡಿನವರು. ಅವರಿಗೆ ಇವತ್ತ ಮ್ಯಾಚ್ ಇಲ್ಲ. ಇಬ್ಬರನ್ನ ಕರಕೊಂಡು ಬರಬಹುದು ಅಂತ ರೂಲ್‌ದಾಗ ಐತ್ರಿ ಅಕ್ಕಾರ."

"ರೂಲ್‌ದಾಗ ಇದ್ದದ್ದೆಲ್ಲಾ ನ್ಯಾಯ ಏನ್ರಿ?"

"ನಾ ಎಲ್ಲಿ ನ್ಯಾಯ ಅಂದೆ? ರೂಲ್ ಅಂದೆ."

ಬಸವರಾಜ್ ಮನುಕಾವ್ ತಂಡದ ಸ್ಕೋರ್ ಬರೆಯುವವರು, ದ್ರಾಕ್ಷಾಯಣಿ ಮೌಂಟ್ ಆಲ್ಬರ್ಟ್ ತಂಡದವಳು. ಹದಿನೈದರೊಳಗಿನ ಹುಡುಗಿಯರ ಸಾಫ್ಟ್‌ಬಾಲ್ ಅದು, ಬೇಸ್‌ಬಾಲ್ ಜಾತಿಯ ಆಟ. ಎರಡೂ ಕಡೆಯ ಸ್ಕೋರರ್‌ಗಳು ತಂತಿ ಬಲೆಯ ಹಿಂದೆ ಅಕ್ಕಪಕ್ಕ ಕುಳಿತು, ಪ್ರತಿ ಇನಿಂಗ್ಸ್ ಮುಗಿದಾಗ ಪುಸ್ತಕ ತಾಳೆ ನೋಡಬೇಕು. ಈ ಪರದೇಶದಲ್ಲಿ ಇಬ್ಬರೂ ಧಾರವಾಡದ ಕಡೆಯವರು ಎಂದು ಮೂರು ವರ್ಷದ ಹಿಂದೆ ಇಂಥದೇ ಕುರ್ಚಿಗಳಲ್ಲಿ ತಿಳಿದಿತ್ತು. ಬಸವರಾಜ್ ಅವರ ಮಗಳು ಕೃಪಾ ಮನುಕಾವ್‌ನ ಪಿಚರ್. ಎದುರಿನ ತಂಡಕ್ಕೆ ಚೆಂಡೆಸೆಯುತ್ತಿದ್ದವಳು ಅವಳೇ. ದ್ರಾಕ್ಷಾಯಣಿಯ ಮಗಳು ಮೇಘಾ ಈ ಕಡೆಯವಳು.

ಬಲೆಗೆ ಕೈ ಆನಿಸಿ ನಿಂತಿದ್ದ ಬದರಿನಾಥ್ ಸುಮ್ಮನಿರಲಾರದೆ ಬಾಯಿ ಹಾಕಿದರು. ಮೈಸೂರಿನವರು, ಅವರ ಮಗಳು ನಿಶಾ ಮೇಘಾಳ ತಂಡದಲ್ಲೇ ಇದ್ದಳು. ಅಮೆರಿಕದ ಬೇಸ್‌ಬಾಲ್ ಅವರಿಗೆ ಹುಚ್ಚು. "ಅಲ್ಲೂ ಇದೇ ಕಣ್ರೀ. ದುಡ್ಡಿರೋ ಟೀಮು ಒಳ್ಳೇ ಆಟಗಾರರನ್ನ ಬುಟ್ಟೀಲಿ ತುಂಬ್ಕೊಂಡು ಹೋಗತ್ತೆ. ಬಡ ಟೀಮು ಶುರುವಾಗೋಕೆ ಮುಂಚೇನೇ ಮುಗೀತು. ಅದಕ್ಕೇ ಕಡೇ ಸುತ್ತಿನ ಪ್ಲೇಆಫ್‌ಗೆ ಇನ್ನೂ ಒಂದಷ್ಟು ಟೀಮು ಸೇರಿಸಿದ್ರು, ಸಮಾಧಾನಕ್ಕೆ."

"ಎಲ್ಲಾರನ್ನೂ ಒಳಗ ಬಿಡೂದಾದ್ರ ನೂರಾ ಅರವತ್ತು ಮ್ಯಾಚ್ ಯಾಕ ಆಡ್ತಾರ್ರಿ ಸರ?"

"ನೀವು ಒಳಗಿದೀರಲ್ಲ ಬಸವರಾಜ್, ಅದಕ್ಕೇ ನಗು ಬರ್ತಿದೆ ನಿಮಗೆ."

ಅದು ನಿಜವೇ. ನಾಲ್ಕು ತಂಡಗಳಿಗಷ್ಟೇ ಸೆಮಿಫೈನಲ್. ಮನುಕಾವ್ ನಾಲ್ಕನೆಯದು, ಮೌಂಟ್ ಆಲ್ಬರ್ಟ್ ಒಂದೇ ಅಂಕ ಹಿಂದೆ. ಇದು ಕಡೆಯ ಪಂದ್ಯ. ಸಮವಾದರೂ ಮನುಕಾವ್‌ಗೆ ಸಾಕು; ಇವರು ಗೆಲ್ಲಲೇಬೇಕು.

ದ್ರಾಕ್ಷಾಯಣಿ ಕತ್ತು ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿ ತೆರೆದಳು. ಐದು ದಿನ ಆಸ್ಪತ್ರೆಯ ಲ್ಯಾಬ್, ಆರನೆಯ ದಿನ ಈ ಕುರ್ಚಿ. ಬೆಳಿಗ್ಗೆ ತಂತಿಯ ಮೇಲೆ ಹಾಕಿದ ಬಟ್ಟೆ ಒಣಗಿರಲಾರದು; ಮೋಡ ಕವಿದೇ ಇತ್ತು. ಯಾರೂ ಒಪ್ಪದ ಕೆಲಸವೆಂದು ಸ್ಕೋರ್ ಪುಸ್ತಕ ಇವಳ ಕೈಗೆ ಬಂದಿತ್ತು, ಮತ್ತೆ ಬಿಟ್ಟು ಹೋಗಿರಲಿಲ್ಲ. ಆದರೂ ಬರುತ್ತಿದ್ದಳು. ಮೂರು ವರ್ಷವೂ ಐದನೆಯ ಸ್ಥಾನಕ್ಕೆ ನಿಂತ ತಂಡ ಅದು. ಬರುವ ವರ್ಷ ಹುಡುಗಿಯರು ಬೇರೆ ಬೇರೆ ಗ್ರೇಡಿಗೆ ಚದುರುತ್ತಾರೆ. "ಜಸ್ಟ್ ಒನ್ಸ್, ಅಮ್ಮಾ," ಎಂದು ಮೇಘಾ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಹೇಳಿದ್ದಳು, ಯಾರಿಗೋ ಪ್ರಾರ್ಥನೆ ಮಾಡುವವಳ ಹಾಗೆ.

ಕೊನೆಯ ಇನಿಂಗ್ಸ್. ಐದು–ಐದು, ಸಮ. ಮೌಂಟ್ ಆಲ್ಬರ್ಟ್ ಬ್ಯಾಟಿಂಗ್, ಇಬ್ಬರು ಔಟ್ (ಮೂವರಾದರೆ ಮುಗಿಯಿತು), ಮೂರನೆಯ ಬೇಸಿನಲ್ಲಿ ಒಬ್ಬಳು. ಕೋಚ್ ಅವಳ ಹತ್ತಿರ ನಿಂತಿದ್ದಳು. ಮುಂದೆ ಯಾರು ಬ್ಯಾಟ್ ಹಿಡಿಯಬೇಕೆಂದು ಪುಸ್ತಕ ನೋಡಿ ಕೂಗುವುದು ಈ ತಂಡದಲ್ಲಿ ಸ್ಕೋರ್ ಬರೆಯುವವಳ ಪಾಲಿಗೆ ಬಿದ್ದಿತ್ತು. ಹುಡುಗಿಯರು ಆ ದನಿಗೆ ಎದ್ದು ಹೋಗಿಯೇ ರೂಢಿ. ಬೆಂಚಿನ ಹಿಂದಿನ ಗೋಡೆಗೆ ಅಂಟಿಸಿದ ಪಟ್ಟಿಯತ್ತ ಯಾರೂ ನೋಡುತ್ತಿರಲಿಲ್ಲ.

"ಏನ ಅನ್ರಿ ಅಣ್ಣಾರ, ಆ ಇಬ್ಬರಿಲ್ಲದಿದ್ರ ನೀವು ಐದು ಹೊಡೀತಿದ್ದಿಲ್ಲ," ಎನ್ನುತ್ತಲೇ ದ್ರಾಕ್ಷಾಯಣಿ ಪುಸ್ತಕದ ಪಟ್ಟಿಯ ಮೇಲೆ ಬೆರಳಿಟ್ಟಳು. "ಮೇಘಾ, ಬ್ಯಾಟಿಂಗ್!"

ಮೇಘಾ ಎದ್ದಳು. ಅವಳಿಗಿಂತ ಮುಂಚೆ ಹೆಲ್ಮೆಟ್ ಹಾಕಿ ನಿಂತಿದ್ದ ನಿಶಾ ಒಂದು ಹೆಜ್ಜೆ ಇಟ್ಟವಳು, ಬಲೆಯತ್ತ ನೋಡಿ, ಹಿಂದೆ ಸರಿದಳು.

ಕೃಪಾಳ ಎರಡನೆಯ ಎಸೆತವನ್ನು ಮೇಘಾ ಇಬ್ಬರು ಫೀಲ್ಡರ್‌ಗಳ ನಡುವಿನಿಂದ ಹುಲ್ಲಿನ ಮೇಲೆ ಹೊಡೆದಳು. ಮೂರನೆಯ ಬೇಸಿನವಳು ಓಡಿ ಹೋಂ ಪ್ಲೇಟ್ ಮುಟ್ಟಿದಳು: ಆರು–ಐದು, ಗೆದ್ದಾಯಿತು. ಕೂಗು, ಹಾರಾಟ, ಯಾರದೋ ಕಾರಿನ ಹಾರ್ನ್. ಬದರಿನಾಥ್ ಬಲೆ ಹಿಡಿದು ಅಲುಗಾಡಿಸುತ್ತಿದ್ದರು.

ದ್ರಾಕ್ಷಾಯಣಿ ಬರೆಯಲು ಪೆನ್ನಿಟ್ಟಳು. ಮೇಘಾಳ ಹೆಸರಿನ ಮೇಲಿನ ಸಾಲು ಖಾಲಿ ಇತ್ತು. ನಿಶಾ. ಬೆರಳು ಒಂದು ಸಾಲು ಕೆಳಗೆ ಜಾರಿತ್ತು. ಜಾರಿದ್ದು ತನ್ನ ಮಗಳ ಹೆಸರಿನ ಮೇಲೆಯೇ. ಸರಿಯಾಗಿ ಹೊಡೆಯಲು ಬಾರದ ಹುಡುಗಿಯನ್ನು ದಾಟಿಸಿ, ಹೊಡೆಯಬಲ್ಲವಳನ್ನು ಕಳಿಸಿದಂತಾಗಿತ್ತು.

ಪಕ್ಕದ ಪೆನ್ನೂ ನಿಂತಿತ್ತು.

"ಅಣ್ಣಾರ," ಎಂದಳು. "ನಾ ತಪ್ಪು ಕರದೆ."

"ಹೂಂ. ಈಗ ನೋಡಿದೆ."

ಸರದಿ ತಪ್ಪಿ ಆಡಿದರೆ ಎದುರಿನ ತಂಡ ಅಂಪೈರ್‌ಗೆ ಹೇಳಬೇಕು, ತಮ್ಮ ಹುಡುಗಿಯರು ಮೈದಾನ ಬಿಡುವ ಮುಂಚೆ. ಹೇಳಿದರೆ ನಿಶಾ ಮೂರನೆಯ ಔಟ್, ಆ ರನ್ ಇಲ್ಲ, ಪಂದ್ಯ ಸಮ. ಹೇಳದಿದ್ದರೆ ಆಟ ಆದಂತೆಯೇ. ಸ್ಕೋರ್ ಬರೆಯುವವರು ಮಾತ್ರ ಬಾಯಿ ಬಿಡುವಂತಿಲ್ಲ. ಅದೂ ರೂಲೇ.

ಮನುಕಾವ್‌ನ ಕೋಚ್ ಬೆನ್ನು ತಿರುಗಿಸಿ ಚೀಲಕ್ಕೆ ಚೆಂಡು ತುಂಬುತ್ತಿದ್ದ. ಕೃಪಾ ಎಸೆದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತು ಮುಖವನ್ನು ಗ್ಲೌಸಿನಲ್ಲಿ ಮುಚ್ಚಿಕೊಂಡಿದ್ದಳು. ಬಸವರಾಜ್ ಅವಳನ್ನೇ ನೋಡುತ್ತಾ, ತುಟಿ ಅಲುಗಿಯೂ ಅಲುಗದಂತೆ ಕೇಳಿದರು:

"ಕೋಚ್‌ನ ಕೂಗ್ಲೇನ್ರಿ ಅಕ್ಕಾರ?"

ದ್ರಾಕ್ಷಾಯಣಿ ಮೈದಾನದತ್ತ ನೋಡಿದಳು. ಮೇಘಾಳನ್ನು ನಾಲ್ವರು ಎತ್ತಲು ಹೋಗಿ ಕೆಡವಿದ್ದರು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಹೂಂ ಅನ್ನಬೇಕು ಎಂದುಕೊಂಡಳು. ಇನ್ನೊಂದು ಕ್ಷಣಕ್ಕೆ ಅನ್ನುತ್ತೇನೆ ಎಂದುಕೊಂಡಳು. ಕೃಪಾಳನ್ನು ಗೆಳತಿಯೊಬ್ಬಳು ಎಬ್ಬಿಸಿದಳು. ಇಬ್ಬರೂ ಮೈದಾನದ ಗೆರೆ ದಾಟಿ ತಮ್ಮ ಬೆಂಚಿಗೆ ಹೋದರು.

ಬಸವರಾಜ್ ಕಾಯುವಷ್ಟು ಕಾದರು. ಆಮೇಲೆ ಅವಳ ಪುಸ್ತಕ ಎಳೆದುಕೊಂಡು ಕೆಳಗೆ ಸಹಿ ಹಾಕಿದರು.

"ಯಾಕ್ರಿ ಅಣ್ಣಾರ?"

"ಆ ಇಬ್ಬರನ್ನ ಕರಕೊಂಡು ಬಂದದ್ದು ನಂಗೂ ಸೇರಿಲ್ಲ ಬಿಡ್ರಿ." ಕುರ್ಚಿ ಮಡಚಿದರು. "ಕೃಪಾಗ ಮಾತ್ರ ಹೇಳೂದಿಲ್ಲ. ನೀವೂ ಹೇಳಬ್ಯಾಡ್ರಿ. ಸೋತದ್ದು ತಡಕೋತಾಳ. ಇದನ್ನ ತಡಕೊಳ್ಳೂದಿಲ್ಲ." ಮಗಳ ಚೀಲವನ್ನೂ ಹೆಗಲಿಗೇರಿಸಿ, ಅವಳ ಹಿಂದೆ ಒಂದಷ್ಟು ದೂರ ಬಿಟ್ಟು ನಡೆದರು.

ಕಾರು ನಿಲ್ಲಿಸಿದಲ್ಲಿ ಬದರಿನಾಥ್ ಫೋನಿನಲ್ಲಿ ಅಂಕಪಟ್ಟಿ ತೋರಿಸಿದರು. "ನೋಡಿ, ನಾಲ್ಕನೇದು! ಕೊನೆಗೂ ನ್ಯಾಯ ಸಿಕ್ತು ಅನ್ನಿ." ನಿಶಾ ಅವರ ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದಳು. ದ್ರಾಕ್ಷಾಯಣಿ ಕಿಟಕಿಯ ಹತ್ತಿರ ಬಾಗಿದಳು. ಹುಡುಗಿ ಗಾಜು ಇಳಿಸಲಿಲ್ಲ. ಒಳಗಿಂದಲೇ ನಕ್ಕಂತೆ ಮಾಡಿ ಕೈಯಾಡಿಸಿದಳು.

ನ್ಯೂ ನಾರ್ತ್ ರೋಡಿನಲ್ಲಿ ವಾಹನಗಳು ಸಾಲುಗಟ್ಟಿದ್ದವು. ಮೇಘಾ ಮಣ್ಣಾದ ಶೂ ಬಿಚ್ಚಿ ಕಾಲು ಮೇಲಕ್ಕೆಳೆದುಕೊಂಡು, ಇಂಗ್ಲಿಷಿನಲ್ಲಿ ಒಂದೇ ಸಮನೆ ಮಾತಾಡುತ್ತಿದ್ದಳು. ಸೆಮಿಫೈನಲ್‌ಗೆ ಎಲ್ಲರೂ ಒಂದೇ ಬಣ್ಣದ ರಿಬ್ಬನ್ ಕಟ್ಟಬೇಕಂತೆ. ಅಪ್ಪ ಡ್ಯೂಟಿ ಬದಲಿಸಿಕೊಂಡು ಬರಬೇಕಂತೆ.

"ಮೇಘಾ," ಎಂದಳು ದ್ರಾಕ್ಷಾಯಣಿ ಕೆಂಪು ದೀಪಕ್ಕೆ ಕಾರು ನಿಂತಾಗ. "ನಿನ್ನ ಮುಂದ ನಿಶಾನ ಸರದಿ ಇತ್ತು. ನಾ ಅಕೀನ ಬಿಟ್ಟು ನಿನ್ನ ಕರದೆ."

ಮೇಘಾ ಅಮ್ಮನತ್ತ ತಿರುಗಿದಳು. "ಆನ್ ಪರ್ಪಸ್?"

"ಇಲ್ಲವ್ವಾ." ದೀಪದತ್ತ ನೋಡುತ್ತಾ, "ಇಲ್ಲ ಅಂತನ ಅಂದ್ಕೊಂಡೀನಿ," ಎಂದಳು.

ದೀಪ ಹಸಿರಾಯಿತು. ಎರಡು ಅಂಗಡಿ, ಒಂದು ಬಸ್ ಸ್ಟಾಪ್, ಒಂದು ಪೆಟ್ರೋಲ್ ಬಂಕ್ ಹಿಂದೆ ಸರಿದವು. ಮೇಘಾಳ ಮುಖ ಕಿಟಕಿಯತ್ತ ಇತ್ತು.

"ಡಸ್ ನಿಶಾ ನೋ?"

"ಗೊತ್ತೈತಿ."

"ಅವಳು ಒಂದೂ ಮಾತು ಹೇಳಲಿಲ್ಲ," ಎಂದಳು ಮೇಘಾ. ಕನ್ನಡದಲ್ಲಿ ಹೇಳಿದಳು, ಅಪರೂಪಕ್ಕೆ.

ನಿಶಾಳ ಮನೆಯ ಕಡೆಯ ತಿರುವು ಮುಂದೆ ಕಾಣಿಸಿತು. ದ್ರಾಕ್ಷಾಯಣಿ ಕಾರನ್ನು ನಿಧಾನಗೊಳಿಸಿ ಮಗಳತ್ತ ನೋಡಿದಳು. ಹಿಂದಿನ ಕಾರಿನವನು ಒಮ್ಮೆ ಹಾರ್ನ್ ಹೊಡೆದ. ಮೇಘಾ ಕೆಳಗೆ ಬಾಗಿ, ಒದ್ದೆಯಾದ ಕಾಲುಚೀಲದ ಮೇಲೆಯೇ ಶೂ ಏರಿಸಿ, ಮಣ್ಣು ಮೆತ್ತಿದ ಲೇಸನ್ನು ಬೆರಳಿಂದ ಬಿಡಿಸಿ ಬಿಡಿಸಿ ಕಟ್ಟತೊಡಗಿದಳು.