ಆರಿಸಿ ತೆಗೆದ ಶೇಂಗಾ

ಮೂಡಲಪಾಳ್ಯದಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟಿ ಮಾರುವ ಗುರುದೇವಿಗೆ ಕಾಳು ಆರಿಸುವುದರಲ್ಲಿ ಸರಿಸಾಟಿ ಯಾರೂ ಇರಲಿಲ್ಲ. ಬೂಷ್ಟು ಹಿಡಿದದ್ದು, ಕಪ್ಪಿಟ್ಟದ್ದು, ಮುರುಟಿದ್ದು ಒಂದೂ ಅವಳ ಮೊರ ದಾಟುತ್ತಿರಲಿಲ್ಲ. ಆದರೆ ಬಾಗಲಕೋಟೆ ಕಡೆಯ ಒಕ್ಕಲು ಮನೆತನದವಳು, ಕಾಳನ್ನು ಕಸದ ಗಾಡಿಗೆ ಹಾಕಲು ಕೈ ಬರುತ್ತಿರಲಿಲ್ಲ. ಆರಿಸಿ ತೆಗೆದದ್ದನ್ನೆಲ್ಲ ಬಕೆಟ್ಟಿಗೆ ತುಂಬಿ, ದಿನಾ ಸಂಜೆ ಹಿಂದಿನ ಬೀದಿಯ ಕಮಲಾಕ್ಷಮ್ಮನ ಹಸುವಿನ ಮುಂದೆ ಸುರಿದು, ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅವಳ ಲೆಕ್ಕದಲ್ಲಿ ಅದು ಪುಣ್ಯದ ಕೆಲಸ.

ಇವತ್ತು ಕಮಲಾಕ್ಷಮ್ಮ ಬಕೆಟ್ಟಿಗೆ ಕೈ ಅಡ್ಡ ಹಿಡಿದರು.

"ಇನ್ಮೇಲೆ ಇದನ್ನ ಹಾಕ್ಬೇಡಿ ಗುರುದೇವಿ. ಹಸು ಮೇವು ಬಿಟ್ಟಿದೆ ಅಂತ ಡಾಕ್ಟ್ರನ್ನ ಕರೆಸಿದ್ದೆ. ಬೂಷ್ಟಲ್ಲಿ ವಿಷ ಇರುತ್ತಂತೆ."

"ಅಯ್ಯ ಯವ್ವಾ! ದನಕ್ಕ ಏನಾಗತೈತಿ ಅಂತ ಹಾಕಿದ್ನಿರಿ. ಮಂದಿಗೆ ಮಾತ್ರ ಒಂದ್ ಕಾಳೂ ಹಾಕಂಗಿಲ್ರಿ ನಾ."

"ಹಾಲಿಗೂ ಇಳಿಯುತ್ತಂತೆ ಕಣಮ್ಮ, ಕಾಯಿಸಿದ್ರೂ ಹೋಗಲ್ವಂತೆ. ಅದಕ್ಕೇ ಇವತ್ತಿಂದ ಯಾರಿಗೂ ಹಾಲು ಕೊಡ್ತಿಲ್ಲ."

ಗುರುದೇವಿ ಒಂದು ಕೈಯಲ್ಲಿ ದಿನಾ ಅಲ್ಲಿಂದ ಹಾಲು ತರುತ್ತಿದ್ದ ತಂಬಿಗೆ ಖಾಲಿಯಾಗಿಯೇ, ಇನ್ನೊಂದರಲ್ಲಿ ತುಂಬಿದ ಬಕೆಟ್ ಹಿಡಿದು ಮನೆಗೆ ಬಂದಳು. ಪ್ಯಾಕೆಟ್ ಹಾಲು ಯಾವ ಹಾಲೋ ಏನೋ, ಕೂಸಿಗೆ ಕಣ್ಣೆದುರು ಕರೆದ ಹಾಲೇ ಆಗಬೇಕು ಎಂದು ಸೊಸೆಯೊಡನೆ ವಾರಗಟ್ಟಲೆ ಜಗಳವಾಡಿ ಗೆದ್ದವಳು ಅವಳೇ. ಎರಡು ವರ್ಷದ ಮೊಮ್ಮಗಳು ಎಂದಿನಂತೆ ಲೋಟ ಹಿಡಿದುಕೊಂಡು ಹೊಸ್ತಿಲಲ್ಲಿ ಕಾಯುತ್ತಿದ್ದಳು. ತಂಬಿಗೆ ಖಾಲಿ ಇರುವುದನ್ನು ನೋಡಿ, ಬಕೆಟ್ಟಿನೊಳಗೆ ಇಣುಕಿ ಕೇಳಿದಳು:

"ಆಯಿ, ಹಾಲು ಇದ್ರಾಗ ಐತೇನು?"