ಸಿಂಕಿನ ಕೆಳಗಿನ ಲೋಟ

ಅಕಿನ್ಯಿಯ ತಾಯಿ ಕೀನ್ಯಾದ ಸೌತ್ ಬಿ ಬಡಾವಣೆಯಲ್ಲಿ ಕನ್ನಡದವರೊಬ್ಬರ ಮನೆಯ ಮುಸುರೆಯನ್ನು ಇಪ್ಪತ್ತೆರಡು ವರ್ಷ ತಿಕ್ಕಿದವಳು. ಅವಳಿಗೆಂದೇ ಸಿಂಕಿನ ಕೆಳಗೆ ಒಂದು ಎನಾಮಲ್ ಲೋಟವಿತ್ತು. ಮನೆಮಂದಿಯ ಎಂಜಲನ್ನೆಲ್ಲ ಅವಳು ತೊಳೆಯಬಹುದು, ಅವಳ ಎಂಜಲು ಮಾತ್ರ ಬೇರೆ ಪಾತ್ರೆಗೆ ತಾಗಬಾರದು. ಎಂಥ ಮಡಿಯೋ ದೇವರೇ ಬಲ್ಲ. ಆ ಲೋಟದ ಕಥೆಯನ್ನು ಅಕಿನ್ಯಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಹಾಸಿಗೆ ಹಿಡಿದಿದ್ದ ತಾಯಿಗೆ ಅದು ಅಚ್ಚಾಗಬೇಕೆನ್ನುವುದೊಂದೇ ಆಸೆ.

೨೦೧೪ರಲ್ಲಿ ಕೀನ್ಯಾದ ಹೆಂಗಸರ ಕಥಾಸಂಕಲನ ತರುತ್ತಿದ್ದವರು ಕನ್ನಡದವರೇ ಆದ ಪ್ರಾಧ್ಯಾಪಕ ಚಕ್ರಪಾಣಿ. ಕೆಲಸದಿಂದ ನಿವೃತ್ತರಾಗಿದ್ದರು, ಕೆಂಪು ಪೆನ್ನಿನಿಂದಲ್ಲ. ಅಕಿನ್ಯಿಯನ್ನು ಸಿರಿವಂತರ ಬಡಾವಣೆ ರುಂಡಾದ ತಮ್ಮ ಮನೆಗೆ ಕರೆಸಿ, ಲೋಟದ ಪುಟಗಳಿಗೆಲ್ಲ ಅಡ್ಡಗೆರೆ ಎಳೆದದ್ದನ್ನು ತೋರಿಸಿದರು.

"ನಮ್ಮವರು ಹೀಗೆಲ್ಲ ಮಾಡಲ್ಲಮ್ಮ, ಇದನ್ನ ತೆಗೆದುಬಿಡು," ಎಂದರು ಇಂಗ್ಲಿಷಿನಲ್ಲಿ. "ಗಂಡ ಕುಡಿದು ಬಂದು ಹೊಡೀತಾನೆ ಅಂತ ಬರಿ. ನಿಮ್ಮ ಹೆಂಗಸರ ಕಥೆ ಅಂದ್ರೆ ಓದುಗರು ಕೇಳೋದೇ ಅದನ್ನ."

"ನಮ್ಮಪ್ಪ ಅಮ್ಮನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ, ಸರ್."

"ಕಥೆ ತಾನೇ? ಒಪ್ಪಿಗೆ ಇದ್ರೆ ಇಲ್ಲಿ ಸೈನ್ ಮಾಡು."

ಅಕಿನ್ಯಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಪೆನ್ನು ಕೈಗೆತ್ತಿಕೊಂಡಳು. ಅಮ್ಮನಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಅಷ್ಟರಲ್ಲಿ ಪ್ರೊಫೆಸರರ ಹೆಂಡತಿ ಕಮಲಾಕ್ಷಿ ಅಡುಗೆಮನೆಯಿಂದ ಕನ್ನಡದಲ್ಲಿ ಕೇಳಿದರು: "ರೀ, ಆ ಹುಡುಗಿಗೆ ಟೀ ಯಾವುದರಲ್ಲಿ ಕೊಡ್ಲಿ?"

"ಕೆಲಸದವಳದು ಇದೆಯಲ್ಲ, ಸಿಂಕ್ ಕೆಳಗೆ. ಅದರಲ್ಲೇ ಕೊಡು."

ಅಮ್ಮ ದುಡಿದ ಸೌತ್ ಬಿಯ ಅಡುಗೆಮನೆಯಲ್ಲೇ ಆಡಿ ಬೆಳೆದವಳಿಗೆ ಕನ್ನಡ ಚೆನ್ನಾಗಿ ಬರುತ್ತದೆಂದು ಅವರಿಗೇನು ಗೊತ್ತು. ಅಕಿನ್ಯಿ ಪೆನ್ನು ಕೆಳಗಿಟ್ಟಳು.

"ನನಗೆ ಟೀ ಬೇಡ, ಆಂಟಿ," ಎಂದಳು ಕನ್ನಡದಲ್ಲೇ. "ಅಂಥ ಲೋಟದಲ್ಲಿ ನಮ್ಮಮ್ಮ ಬೇಕಾದಷ್ಟು ಕುಡಿದಿದ್ದಾಳೆ."

ಚಕ್ರಪಾಣಿಯವರ ಮುಖ ಬಿಳಿಚಿಕೊಂಡಿತು. ಅವಳ ಹಾಳೆಗಳನ್ನು ಅವಳ ಕಡೆಗೇ ತಳ್ಳಿದರು.

ಆರು ತಿಂಗಳಿಗೆ ಸಂಕಲನ ಬಂತು. ಅದರಲ್ಲಿ ಅಕಿನ್ಯಿಯ ಕಥೆಯಿರಲಿಲ್ಲ. ಇದ್ದ ಹನ್ನೆರಡು ಕಥೆಗಳಲ್ಲಿ ಒಂಬತ್ತು ಗಂಡಂದಿರು ಕುಡಿದು ಬಂದು ಹೊಡೆಯುತ್ತಿದ್ದರು. ಆದರೂ ಅವಳು ಒಂದು ಪ್ರತಿ ಕೊಂಡು ತಂದಳು. ತಾಯಿಗೆ ಓದಲು ಬಾರದು. ಪುಸ್ತಕ ಬಿಡಿಸಿ, ಅದರೊಳಗೆ ತನ್ನ ಹಾಳೆಗಳನ್ನಿಟ್ಟುಕೊಂಡು, ತಮ್ಮ ಮನೆಮಾತಿಗೆ ತಿರುಗಿಸುತ್ತ ಕೊನೆಯವರೆಗೂ ಓದಿದಳು. ತಾಯಿ ಕಣ್ಣುಮುಚ್ಚಿ ಕೇಳಿದಳು.

"ಲೋಟದ ವಿಷಯ ಎಲ್ಲಿದೆ, ತೋರಿಸು."

ಅಕಿನ್ಯಿ ಹಾಳೆಗಳನ್ನು ಸರಿಸಿ, ತಾಯಿಯ ಬೆರಳನ್ನು ಅಚ್ಚಾದ ಪುಟದ ಮೇಲಿಟ್ಟಳು. ಅಲ್ಲಿ ಯಾರದೋ ಗಂಡ ಬೆಲ್ಟು ಬಿಚ್ಚುತ್ತಿದ್ದ. ತಾಯಿ ಆ ಸಾಲನ್ನು ಮೆಲ್ಲಗೆ ಸವರಿದಳು.

"ಇನ್ನು ಎಲ್ಲರಿಗೂ ಗೊತ್ತಾಗತ್ತೆ, ಅಲ್ವಾ?"

"ಗೊತ್ತಾಗತ್ತಮ್ಮ," ಎಂದಳು ಅಕಿನ್ಯಿ.