ಸಮಪಾಲಿನ ಮಾತ್ರೆ

ಕೊಡುವವರಿಗೇ ಒಳಗೇನಿದೆ ಎಂದು ಗೊತ್ತಿಲ್ಲದ ಮಾತ್ರೆಯನ್ನು ನಾಗು ಜನ್ಮದಲ್ಲಿ ಕಂಡಿರಲಿಲ್ಲ. ಕುಮಟಾದ ಆಸ್ಪತ್ರೆಯಲ್ಲಿ ದಮ್ಮಿನ ಹೊಸ ಮಾತ್ರೆಯ ಪರೀಕ್ಷೆ ನಡೆದಿತ್ತು. ಎರಡು ಹೊತ್ತೂ ಬಾಯಿಗಿಟ್ಟು ಎಳೆದುಕೊಳ್ಳಲು ಆಸ್ಪತ್ರೆ ಕೊಡುವ ಪಂಪಿನ ಜೊತೆಗೆ ದಿನಕ್ಕೊಂದು ಮಾತ್ರೆ. ಕೆಲವರ ಡಬ್ಬಿಯಲ್ಲಿ ಔಷಧಿ, ಕೆಲವರದರಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು ಎಂದು ನರ್ಸ್ ಮಾಲತಿ ಮೊದಲೇ ಬಿಡಿಸಿ ಹೇಳಿದ್ದಳು. ನಾಗು ಸಹಿ ಹಾಕಿದಳು, ನಂಬಲಿಲ್ಲ. ಹದಿನಾರರ ಮಗಳು ರಂಜಿತಾ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

ತಿಂಗಳಾಯಿತು. ಅದೇ ಪರೀಕ್ಷೆಗೆ ಸೇರಿದ್ದ ಪಕ್ಕದ ಮನೆಯ ಕಾಳಿ, ಅಘನಾಶಿನಿ ಹೊಳೆಯಲ್ಲಿ ಸೊಂಟದುದ್ದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವಷ್ಟು ಚೇತರಿಸಿಕೊಂಡ. ರಂಜಿತಾಳ ಎದೆ ಮಾತ್ರ ಸುಂಯ್‌ಗುಡುತ್ತಲೇ ಇತ್ತು. ಬೇಕೆಂದೇ ತನ್ನ ಮಗಳಿಗೆ ಹಿಟ್ಟು ಕೊಟ್ಟಿದ್ದಾರೆ ಎಂದು ನಾಗುವಿಗೆ ಉರಿದುಹೋಯಿತು. ಮಾಲತಿ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ.

ಒಂದೇ ದೋಣಿಯಲ್ಲಿ ಹೋದವರು ಬಳಚನ್ನು ದಡದಲ್ಲಿ ಒಟ್ಟಿಗೆ ಸುರಿದು, ಹೆಚ್ಚು ಹೆಕ್ಕಿದವರು ಕಡಿಮೆ ಹೆಕ್ಕಿದವರು ಎನ್ನದೆ ಸಮ ಹಂಚಿಕೊಳ್ಳುವುದು ಈ ಎರಡು ಮನೆಗಳ ರೂಢಿ. ನಾಗು ಕಾಳಿಯ ಡಬ್ಬಿಯನ್ನೂ ಹಾಗೆಯೇ ಕೇಳಿದಳು. ಅವನು ಇಲ್ಲವೆನ್ನಲಿಲ್ಲ. ನೋಡಲು ಒಂದೇ ತರದ ಮಾತ್ರೆಗಳನ್ನು ಮೊರಕ್ಕೆ ಸುರಿದು, ಕಲೆಸಿ, ಅರ್ಧರ್ಧ ಮಾಡಿಕೊಂಡರು.

ಆದರೂ ಮಗಳ ದಮ್ಮು ಇಳಿಯಲಿಲ್ಲ. ಕಾಳಿಯೂ ಜೊತೆಗೆ ಬಂದಿದ್ದ ತಪಾಸಣೆಯ ದಿನ ನಾಗು ಮಾಲತಿಯ ಮೇಲೆ ಹರಿಹಾಯ್ದಳು.

"ಎರಡೂ ಡಬ್ಬಿ ಕಲೆಸಿ ಕೊಟ್ಟು ನೋಡ್ದೆ. ಎಲ್ಲಾ ಹಿಟ್ಟೇ ಅಲ್ದಾ?"

ಮಾಲತಿ ತಲೆಯ ಮೇಲೆ ಕೈಹೊತ್ತಳು. ಕಲೆಸಿದ ಮಾತ್ರೆಯಿಂದ ಯಾರಿಗೂ ಏನೂ ತಿಳಿಯದು, ಇಬ್ಬರ ಪರೀಕ್ಷೆಯೂ ಇಲ್ಲಿಗೇ ಮುಗಿಯಿತು ಎಂದಳು. ಆಮೇಲೆ ಇಬ್ಬರ ಪಂಪನ್ನೂ ಇಸಿದುಕೊಂಡು ಇನ್ನೆಷ್ಟು ಸಲ ಉಳಿದಿದೆ ಎಂದು ತೋರಿಸುವ ಹಿಂಬದಿಯ ಅಂಕಿ ನೋಡಿದಳು. ಕಾಳಿಯದು ಖಾಲಿಯಾಗುತ್ತ ಬಂದಿತ್ತು. ರಂಜಿತಾಳದು ಕೊಟ್ಟ ದಿನದ ಹಾಗೇ ತುಂಬಿತ್ತು.

"ಇದನ್ನ ಎಂತಕ್ಕೆ ಮುಟ್ಲಿಲ್ಲ?"

ರಂಜಿತಾ ತಾಯಿಯ ಮುಖ ನೋಡಿದಳು. "ಮಾತ್ರೆ ಬಂತಲ, ಇನ್ನು ಪಂಪು ಬ್ಯಾಡ, ಚಟ ಆಗ್ತದೆ ಅಂತ ಅವ್ವಿನೇ ಹೇಳಿತ್ತು."

ಊರೆಲ್ಲವನ್ನೂ ಅನುಮಾನಿಸಿದ್ದ ನಾಗುವಿಗೆ ತನ್ನ ಮಾತಿನ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅವಳಿಂದಾಗಿ ಪರೀಕ್ಷೆ ಕಳೆದುಕೊಂಡ ಕಾಳಿ ತನ್ನ ಪಂಪನ್ನು ಮರಳಿ ಇಸಿದುಕೊಂಡು ಬಾಗಿಲಲ್ಲಿ ನಿಂತ. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಪಂಪಿನ ಮುಚ್ಚಳ ತೆಗೆದು ಮಗಳ ಬಾಯಿಗೆ ಹಿಡಿದಳು.

"ಎಳಿ ಮಗಾ" ಎಂದಳು.